ಕಾಲು ಹೆಣೆಯದೆ ನಕ್ಕ ಅತ್ತೆ

ನಗು ಬಂದರೆ ನಮ್ಮ ಅತ್ತೆ ಎರಡೂ ಕಾಲನ್ನು ಕತ್ತರಿಯ ಹಾಗೆ ಹೆಣೆದುಕೊಂಡು ಗೋಡೆ ಹಿಡಿದು ನಿಲ್ಲುತ್ತಿದ್ದಳು. "ನಗಿಸ್ಬ್ಯಾಡ್ರೇ ಮೂದೇವಿಗಳಾ!" ಎಂದು ಬೈಯುತ್ತಲೇ ನಗುತ್ತಿದ್ದಳು. ಅದು ಅವಳ ವಯ್ಯಾರ ಎಂದುಕೊಂಡು ನಾವು ಹುಡುಗಿಯರು ಇನ್ನಷ್ಟು ನಗಿಸುತ್ತಿದ್ದೆವು.

ಅಪ್ಪನ ಅಕ್ಕ ಅವಳು. ಬೇಗೂರಿನಲ್ಲಿ ನಮ್ಮ ಪಕ್ಕದ ಮನೆ. ಮದುವೆಗಳಲ್ಲಿ ಬೀಗರನ್ನು ಗೇಲಿ ಮಾಡುವ ಹಾಡಿಗೆ ಅವಳೇ ಮುಂದು. ಬೀಗರ ಮೀಸೆ, ಬೀಗಿತ್ತಿಯ ನಡಿಗೆ, ಯಾವುದನ್ನೂ ಬಿಡುತ್ತಿರಲಿಲ್ಲ. ಅಲ್ಲೇ ಕಟ್ಟಿ ಅಲ್ಲೇ ಹಾಡುತ್ತಿದ್ದಳು. ಅಂಥವಳು ತೊಂಬತ್ತರ ದಶಕದಲ್ಲಿ ಮದುವೆಮನೆಗೆ ಹೋಗುವುದನ್ನೇ ಬಿಟ್ಟಳು. ಸೊಕ್ಕು ಬಂತು ಎಂದರು ಜನ.

ನನ್ನ ಮದುವೆ ನಿಶ್ಚಯವಾದಾಗ ಅವಳ ಮನೆಗೇ ಹೋಗಿ ಜಗಳ ತೆಗೆದೆ. ಅತ್ತೆ ಬಾಗಿಲು ಹಾಕಿ ಬಂದು ಹೇಳಿದಳು: "ಎತ್ತರಿಸಿ ಹಾಡಿದ್ರೆ ಉಚ್ಚೆ ಓಯ್ತದೆ ಕಣಮ್ಮಿ. ಕೆಮ್ಮಿದ್ರೂ ಅಷ್ಟೇಯ. ಮೂರನೇ ಹೆರಿಗೆ ಆದಾಗಿಂದ ಹಿಂಗೇಯ. ಚಪ್ಪರದಡೀಲಿ ಸೀರೆ ಒದ್ದೆ ಮಾಡ್ಕಂಡು ನಿಂತ್ಕಳ್ಳಾ?"

ಗುಂಡ್ಲುಪೇಟೆಯ ಡಾಕ್ಟರು ಹೇಳಿದಂತೆ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಮ್ಮ ಸಮಾಧಾನದಿಂದ ವಿವರಿಸಿದರು. ಮೂತ್ರಚೀಲದ ಕುತ್ತಿಗೆಯನ್ನು ಹೊಲಿಗೆ ಹಾಕಿ ಮೇಲೆತ್ತಿ ನಿಲ್ಲಿಸಬೇಕು. ಕಿಬ್ಬೊಟ್ಟೆ ಕುಯ್ದು ಮಾಡಬಹುದು, ಇಲ್ಲವೇ ಸಣ್ಣ ತೂತುಗಳಿಂದ ಮಾಡಬಹುದು.

"ತೂತಿನದ್ದಾದ್ರೆ ನೋವು ಕಡಿಮೆ, ಬೇಗ ಮನೆಗೆ ಹೋಗ್ತೀರಿ. ಆದ್ರೆ ಅದು ಹೊಸದು. ಎಷ್ಟು ವರ್ಷ ನಿಲ್ಲುತ್ತೆ ಅಂತ ಈಗಲೇ ಹೇಳೋಕಾಗಲ್ಲ. ಕುಯ್ದು ಮಾಡಿದ್ದು ಬಹಳ ವರ್ಷ ನಿಂತಿರೋದನ್ನ ನೋಡಿದ್ದೀವಿ" ಎಂದರು.

ತೂತಿನದ್ದೇ ಆಗಲಿ ಎಂದು ನಾನು ಹಟ ಹಿಡಿದೆ. ಮದುವೆ ಹತ್ತಿರವಿತ್ತು, ಅಷ್ಟರಲ್ಲಿ ಅವಳು ಎದ್ದು ಹಾಡಬೇಕೆಂಬುದು ನನ್ನ ಆಸೆ. ಅತ್ತೆ ನನ್ನ ಕಡೆ ತಿರುಗಲೂ ಇಲ್ಲ.

"ಕುಯ್ದೇ ಮಾಡ್ಬುಡಿ ಕಣವ್ವ. ಇವಳೊಬ್ಬಳ ಮದ್ವೇಲಿ ಹಾಡಿ ಸುಮ್ಕಾಗಕ್ಕೆ ನಾನು ಬಂದಿಲ್ಲ."

ನನ್ನ ಧಾರೆಯ ದಿನ, ಕುಯ್ದ ಗಾಯ ಇನ್ನೂ ಮಾಗದೆ, ಅವಳು ಕಂಬಕ್ಕೊರಗಿ ಹೊಟ್ಟೆ ಹಿಡಿದು ಕೂತಿದ್ದಳು, ಹಾಡಲಿಲ್ಲ. ಚಂದಕವಾಡಿಯ ನಮ್ಮ ಬೀಗರು ಗೇಲಿಯಿಲ್ಲದೆ ಉಂಡೆದ್ದರು. ನನಗೆ ಅಳು ಬಂತು, ಅವಳ ಮೇಲೆ ಸಿಟ್ಟೂ ಬಂತು.

ಮಾರನೇ ವರ್ಷ ತಂಗಿಯ ಮದುವೆ. ಅತ್ತೆ ಸೆರಗು ಸಿಕ್ಕಿಸಿ ಎದ್ದಳು. ಬೀಗರ ಬಕ್ಕತಲೆಯಿಂದ ಶುರುವಾದ ಹಾಡು ಎಲೆ ಹಾಕುವವರೆಗೂ ನಡೆಯಿತು. ಕೊನೆಗೆ ತನ್ನ ಮಾತಿಗೆ ತಾನೇ ನಕ್ಕಳು, ಕಾಲು ಅಗಲಿಸಿ ನಿಂತು, ಗೋಡೆ ಕಂಬ ಏನೂ ಹಿಡಿಯದೆ. ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು. ಆಮೇಲೆ ಅವಳು ಬಿಟ್ಟ ಮದುವೆಯೇ ಇಲ್ಲ; ಕೊನೆಕೊನೆಗೆ ಹಲ್ಲಿಲ್ಲದ ಬಾಯಲ್ಲೂ ಬೀಗರ ಮಾನ ಕಳೆದಳು.

ಅವಳು ತೀರಿಕೊಂಡ ದಿನ ಹೆಂಗಸರೆಲ್ಲ ಸೇರಿ ಮೀಯಿಸಿದೆವು. ಕಿಬ್ಬೊಟ್ಟೆಯ ಗೆರೆ ಕಂಡು, ನೀರು ಹೊಯ್ಯುತ್ತಿದ್ದ ನೆಂಟರ ಸೊಸೆ "ಇದೇನಕ್ಕಾ?" ಎಂದಳು. ಅತ್ತೆ ಇದ್ದಿದ್ದರೆ ಹೇಗೆ ಹೇಳುತ್ತಿದ್ದಳೋ ಹಾಗೆಯೇ, ಎಲ್ಲರ ಮುಂದೆ, ಉಚ್ಚೆಯನ್ನು ಉಚ್ಚೆ ಎಂದೇ ಹೇಳಿದೆ.

ಆ ಸೊಸೆ ಚೊಂಬು ಕೆಳಗಿಟ್ಟು ನನ್ನ ಹತ್ತಿರ ಸರಿದಳು.

"ನಂಗೂ ಅಂಗೇ ಆಯ್ತದೆ. ಯಾವ್ ಆಸ್ಪತ್ರೆ ಅಕ್ಕಾ?"