ಗುಳ್ಳೆ ಏಳದ ಪಾದಗಳು

ಸಂಕ್ರಾಂತಿ ಮುಗಿದರೆ ಸಾಕು, ನನ್ನ ಫೋನಿಗೆ ಪುರುಸೊತ್ತು ಇರುವುದಿಲ್ಲ. ಮಾಘದ ಹುಣ್ಣಿಮೆಯ ಜಾತ್ರೆಗೆ ಉಳವಿಗೆ ಮೊದಲ ಸಲ ನಡೆದು ಹೋಗುವವರು ಹಳಿಯಾಳದಿಂದ, ನಮ್ಮ ದಾಂಡೇಲಿಯ ಓಣಿ ಓಣಿಗಳಿಂದ, ಅತ್ತ ಮುಂಡಗೋಡದ ಚಿಗಳ್ಳಿಯಿಂದಲೂ ಕೇಳುತ್ತಾರೆ. ರೊಟ್ಟಿ ಎಷ್ಟು ಕಟ್ಟಿಕೊಳ್ಳಬೇಕು, ಬೂಟು ಮೇಲೋ ಚಪ್ಪಲಿ ಮೇಲೋ, ಅಡವಿಯಲ್ಲಿ ನೀರು ಎಲ್ಲಿ ಸಿಗುತ್ತದೆ, ಆನೆ ಬಂದರೆ ಏನು ಮಾಡುವುದು. ನಾನು ಒಲೆಯ ಮುಂದೆ ನಿಂತೇ ಉತ್ತರ ಕೊಡುತ್ತೇನೆ. ಮಿಲ್ಲಿನ ಶಿಫ್ಟು ಮುಗಿಸಿ ಹಸಿದು ಬಂದ ನಮ್ಮ ಮನೆಯವರು, "ಇವ್ರನ್ನ ಉಳವಿ ಮುಟ್ಟಿಸಿದ ಮ್ಯಾಲೆನ ನನಗ ಊಟೇನ?" ಎಂದು ಕೇಳಿ, ತಾವೇ ತಾಟು ಹಾಕಿಕೊಂಡು ಕೂಡುತ್ತಾರೆ.

ನಡಿಗೆಯ ವಿಷಯದಲ್ಲಿ ನನಗೆ ಜಂಬ ಇತ್ತು. ಹಳಿಯಾಳದ ಹತ್ತಿರದ ತವರಿನಿಂದ ಅವ್ವನ ಸೆರಗು ಹಿಡಿದು ನಡೆದವಳು ನಾನು. ಮದುವೆಯಾಗಿ ದಾಂಡೇಲಿಗೆ ಬಂದ ಮೇಲೂ ಬಿಡಲಿಲ್ಲ. ಹಳಿಯಾಳದಿಂದ ಉಳವಿಗೆ ನಮ್ಮ ಕಾಲಿಗೆ ಮೂರು ದಿನದ ದಾರಿ. ಯಾವ ಏರಿನಲ್ಲಿ ಏದುಸಿರು ಬರುತ್ತದೆ, ಯಾವ ಮರದ ಕೆಳಗೆ ಕೂತರೆ ಮತ್ತೆ ಏಳಲು ಮನಸ್ಸಾಗುವುದಿಲ್ಲ, ಎಲ್ಲ ನನಗೆ ಗೊತ್ತು. ಒಂದು ವರ್ಷ ನಮ್ಮ ಗುಂಪಿನ ನಿವೃತ್ತ ಮಾಸ್ತರರೊಬ್ಬರು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ವಾಟ್ಸಾಪಿಗೆ ಹಾಕಿದರು. ಅಂದಿನಿಂದ ಅದು 'ಅಕ್ಕನ ಪಟ್ಟಿ' ಎಂದೇ ಓಡಾಡುತ್ತಿದೆ.

ಪಟ್ಟಿಯಲ್ಲಿ ಇರುವುದು ಇಷ್ಟೇ. ಹೊಸ ಚಪ್ಪಲಿ ಬೇಡ, ಕಾಲಿನ ಮಾತು ಕೇಳುವ ಹಳೆಯದೇ ಇರಲಿ. ಹೊರಡುವ ಮುನ್ನ ಹದಿನೈದು ದಿನ, ಒಯ್ಯುವಷ್ಟೇ ಭಾರದ ಚೀಲ ಹೆಗಲಿಗೆ ಹಾಕಿಕೊಂಡು ದಿನಾ ಕಾಳಿ ನದಿಯ ಸೇತುವೆಯವರೆಗೆ ಹೋಗಿ ಬನ್ನಿ. ಕಂಡವರು ನಕ್ಕರೆ ನಗಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸಾಕು, ಮೊಸರಿನ ಆಸೆ ಬಿಡಿ. ಗಟಗಟ ನೀರು ಕುಡಿಯಬೇಡಿ, ಗುಟುಕು ಗುಟುಕಾಗಿ ಕುಡಿಯಿರಿ. ಪೋಟೋಳಿ ದಾಟಿದ ಮೇಲೆ ಫೋನು ಹತ್ತುವುದಿಲ್ಲ, ಆದ್ದರಿಂದ ಎಲ್ಲಿ ಕೂಡುವುದು ಎಂದು ಮೊದಲೇ ಮಾತಾಡಿಕೊಳ್ಳಿ. ಹೆಂಗಸರು ಮರೆಗೆ ಹೋಗುವಾಗ ಇಬ್ಬಿಬ್ಬರಾಗಿ ಹೋಗಿ, ಒಬ್ಬರು ಸೀರೆ ಅಡ್ಡ ಹಿಡಿಯಲಿ, ಉಣ್ಣಿ ಹತ್ತಿದೆಯೇ ನೋಡಿಕೊಳ್ಳಿ. ಇನ್ನು ಎಲ್ಲಕ್ಕಿಂತ ಉದ್ದದ ಭಾಗ ಗುಳ್ಳೆಯದು: ಪಾದದಲ್ಲಿ ಗುಳ್ಳೆ ಎದ್ದರೆ ಚರ್ಮ ಕೀಳಬಾರದು, ಉಪ್ಪುನೀರಿನಲ್ಲಿ ತೊಳೆದು, ಸೂಜಿಯನ್ನು ಬೆಂಕಿಗೆ ಹಿಡಿದು, ದಾರ ಪೋಣಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೆಗೆದು, ದಾರವನ್ನು ಅಲ್ಲೇ ಬಿಡಬೇಕು. ನೀರು ಇಳಿದ ಮೇಲೆ ಅರಿಸಿನ, ರಾತ್ರಿ ಮಲಗುವಾಗ ಹರಳೆಣ್ಣೆ. ಇದನ್ನು ನಮ್ಮ ಗುಂಪಿನಲ್ಲಿ ನಡೆಯುವ ಚಿಗಳ್ಳಿಯ ಒಬ್ಬ ರೈತರು ಬಾಯಿಪಾಠ ಮಾಡಿ ನನಗೇ ಒಪ್ಪಿಸಿದ್ದರು.

ಎರಡು ವರ್ಷದ ಹಿಂದೆ ನಮ್ಮ ಗುಂಪಿಗೆ ಹೊಸದಾಗಿ ಸೇರಿದವರಲ್ಲಿ ನಮ್ಮ ಹಿಂದಿನ ಓಣಿಯ ಅತ್ತೆ ಸೊಸೆ ಇದ್ದರು. ಧಾರವಾಡದ ಕಡೆಯವರು. ಮಗ ಮಿಲ್ಲಿನಲ್ಲಿ ಗುತ್ತಿಗೆ ಕೆಲಸ ಮಾಡುತ್ತಾನೆ, ಅವನಿಗೆ ರಜೆ ಸಿಕ್ಕಿರಲಿಲ್ಲ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ನಡೆದು ಬರುತ್ತೇವೆ ಎಂದು ಅತ್ತೆ ಹರಕೆ ಹೊತ್ತಿದ್ದರು. ನಡೆಯುವ ಹರಕೆ ಎಂದರೆ ಗಾಲಿ ಹತ್ತುವಂತಿಲ್ಲ. ಉಳವಿ ಮುಟ್ಟುವ ತನಕ ಬಂಡಿ, ಬೈಕು, ಬಸ್ಸು ಯಾವುದೂ ಕೂಡದು.

ಹೊರಡುವುದಕ್ಕೆ ಎರಡು ದಿನ ಮುಂಚೆ ಸೊಸೆ ಒಬ್ಬಳೇ ನಮ್ಮ ಅಡುಗೆಮನೆಗೆ ಬಂದಳು. ನಾನು ದಾರಿಗೆ ರೊಟ್ಟಿ ಬಡಿಯುತ್ತಿದ್ದೆ.

"ಪಟ್ಟಿ ಪೂರಾ ಓದೇನ್ರಿ ಅಕ್ಕಾರ. ಒಂದ ಮಾತ ಕೇಳೂದಿತ್ರಿ, ಅದು ಪಟ್ಟಿಯೊಳಗ ಇಲ್ಲ."

"ಏನದು?"

"ಈ ತಿಂಗಳ ನಂದು ಆಗಿಲ್ರಿ. ಹನ್ನೆರಡ ದಿನ ದಾಟೇತಿ."

ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹಿಂದೆ ಎರಡು ಸಲ ಹೀಗೇ ದಿನ ತಪ್ಪಿದಾಗ ಗಂಡನಿಗೂ ಅತ್ತೆಗೂ ಹೇಳಿ, ಅತ್ತೆ ಸಕ್ಕರೆ ಹಂಚಿ, ನಾಲ್ಕೇ ದಿನದಲ್ಲಿ ಎಲ್ಲ ಸುಳ್ಳಾಗಿತ್ತಂತೆ. ಈ ಸಲ ಮೆಡಿಕಲ್ ಅಂಗಡಿಯಿಂದ ಕಿಟ್ ತಂದು ನೋಡುವುದಕ್ಕೂ ಧೈರ್ಯ ಸಾಲದು ಎಂದಳು. "ಉಳವಿ ಮುಟ್ಟಿದ ಮ್ಯಾಲೆ ಅಲ್ಲೇ ಅತ್ತಿಯಾರಿಗೆ ಹೇಳಬೇಕಂತ ಮಾಡೇನ್ರಿ. ನಡಿಬಹುದೇನ್ರಿ ನಾ?"

ನಾನು ರೊಟ್ಟಿ ಬಡಿಯುವುದನ್ನು ಸಹ ನಿಲ್ಲಿಸಲಿಲ್ಲ. "ನನ್ನ ಮಗಳು ಹೊಟ್ಟ್ಯಾಗ ಮೂರ ತಿಂಗಳ ಇದ್ದಾಗ ನಾ ಉಳವಿ ಮುಟ್ಟೇನಿ. ಏನೂ ಆಗೂದಿಲ್ಲ, ನಡಿ. ಭಾರ ಹೊರಬ್ಯಾಡ, ನನ್ನ ಜೋಡಿನ ಇರು," ಎಂದೆ.

ನಾನು ಹೇಳಿದ್ದು ಸುಳ್ಳಲ್ಲ. ನಿಜವಾಗಿ ನಡೆದಿದ್ದೆ, ಮಗಳು ಗುಂಡುಕಲ್ಲಿನ ಹಾಗೆ ಹುಟ್ಟಿದ್ದಳು. ಆದರೆ ನನ್ನ ಹೊಟ್ಟೆಯ ಕತೆ ಇವಳ ಹೊಟ್ಟೆಗೆ ಹೇಗೆ ಸಾಕ್ಷಿಯಾಗುತ್ತದೆ ಎಂದು ಆ ಹೊತ್ತು ನನಗೆ ಹೊಳೆಯಲಿಲ್ಲ. ಡಾಕ್ಟರ ಹತ್ತಿರ ತೋರಿಸು ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಚಪ್ಪಲಿಯ ಬಗ್ಗೆ ಕೇಳಿದಾಗ ಹೇಗೆ ಹೇಳುತ್ತಿದ್ದೆನೋ ಹಾಗೇ ಹೇಳಿಬಿಟ್ಟೆ.

ಮೊದಲ ಎರಡು ದಿನ ಅವಳು ಎಷ್ಟು ಚೆನ್ನಾಗಿ ನಡೆದಳು. ಅವಳ ಚೀಲವನ್ನು ನಾನೇ ಸಾಮಾನಿನ ಟೆಂಪೋಕ್ಕೆ ಹಾಕಿಸಿದ್ದೆ. ಪೋಟೋಳಿ ದಾಟಿದ ಮೇಲೆ ಯಾರೋ ಕಾಡುನೆಲ್ಲಿಕಾಯಿ ಕಿತ್ತು ತಂದರು. ಎಲ್ಲರೂ ಹಲ್ಲು ಚುಳ್ಳೆಂದು ಉಗಿದರೆ, ಇವಳು ಆರು ತಿಂದು ಮತ್ತೆ ಕೈ ಚಾಚಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅವಳ ಅತ್ತೆ, "ಏನ ನಗತೀರಿ? ನನಗೂ ಹೇಳ್ರಿ," ಎಂದರು. ಉಳವಿಯಲ್ಲಿ ಹೇಳುತ್ತೇವೆ ಎಂದೆ ನಾನು.

ಮೂರನೆಯ ದಿನ, ಗುಂದ ಊರು ಇನ್ನೂ ದೂರ ಇರುವಾಗ, ಬಿಸಿಲು ಏರುವ ಹೊತ್ತಿಗೆ ಅವಳು ಮರೆಗೆ ಹೋಗಬೇಕೆಂದಳು. ನಾನು ಬೆನ್ನು ತಿರುಗಿಸಿ ಸೀರೆ ಹಿಡಿದು ನಿಂತೆ. "ಅಕ್ಕಾರ" ಎಂದಳು. ತಿರುಗಿ ನೋಡಿದೆ. ರಕ್ತ ಕಂಡಿತು. ತಿಂಗಳ ಮುಟ್ಟಿನ ಹಾಗೆ ಇರಲಿಲ್ಲ, ಅದಕ್ಕಿಂತ ಹೆಚ್ಚು. ಅವಳು ಎರಡೂ ಕೈಯಲ್ಲಿ ಕಿಬ್ಬೊಟ್ಟೆ ಒತ್ತಿ ಹಿಡಿದಿದ್ದಳು. ನನ್ನ ಚೀಲದಲ್ಲಿ ಇಲ್ಲದ ಸಾಮಾನಿಲ್ಲ, ಆದರೆ ಅದರಲ್ಲಿ ಆಗ ಉಪಯೋಗಕ್ಕೆ ಬಂದದ್ದು ಹಳೆಯ ಕಾಟನ್ ಸೀರೆಯೊಂದೇ. ಅದನ್ನು ಹರಿದು ಕೊಟ್ಟೆ.

"ಅತ್ತಿಯಾರಿಗೆ ಹೇಳಬ್ಯಾಡ್ರಿ," ಎಂದಳು. "ಇನ್ನೂ ಏನಂತ ಗೊತ್ತಿಲ್ಲಲ್ರಿ. ರಕ್ತ ನಿಂದರಬಹುದು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವಳನ್ನು ಹಿಡಿದುಕೊಂಡು ರಸ್ತೆಗೆ ಬಂದು ಮೋರಿಯ ಕಟ್ಟೆಯ ಮೇಲೆ ಕೂಡಿಸಿದೆ. ಅತ್ತೆ ಓಡಿ ಬಂದು ಏನಾಯಿತೆಂದು ಕೇಳಿದರು. ಎಷ್ಟೋ ವರ್ಷ ನಾಲಿಗೆಗೆ ರೂಢಿಯಾದ ಮಾತೇ ಹೊರಬಂತು. "ಕಾಲಾಗ ಗುಳ್ಳಿ ಎದ್ದಾವ್ರಿ ಅವ್ವಾರ. ಹೆಜ್ಜಿ ಇಡಾಕ ಆಗವಲ್ದು."

ಸಾಮಾನಿನ ಟೆಂಪೋ ಅಡುಗೆಗೆಂದು ಗುಂದಕ್ಕೆ ಮುಂದೆ ಹೋಗಿಬಿಟ್ಟಿತ್ತು. ಫೋನು ಎತ್ತಿ ಹಿಡಿದು ರಸ್ತೆಯ ತಿರುವಿನ ತನಕ ಹೋಗಿ ಬಂದೆ, ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ಆ ಕಡೆ ಹೊರಟಿದ್ದ ಬೈಕಿನವನೊಬ್ಬನನ್ನು ನಿಲ್ಲಿಸಿ, ಟೆಂಪೋವನ್ನು ತಿರುಗಿ ಕಳಿಸು ಎಂದು ಕೈಮುಗಿದೆ. ಇನ್ನು ಅದು ಬರುವ ತನಕ ಕಾಯುವುದೊಂದೇ.

ಹಿಂದಿರುಗಿ ಬಂದರೆ ಮೋರಿಯ ಸುತ್ತ ಗುಂಪೇ ನೆರೆದಿತ್ತು. ಗುಳ್ಳೆಗೆ ಏನು ಮಾಡಬೇಕೆಂದು ನಾನೇ ಬರೆಸಿದ್ದೆನಲ್ಲ, ಎಲ್ಲರಿಗೂ ಬರುತ್ತಿತ್ತು. ಒಬ್ಬಳು ಡಬ್ಬಿಯಲ್ಲಿ ಉಪ್ಪುನೀರು ಕಲಸಿ ತಂದಿದ್ದಳು. ಇನ್ನೊಬ್ಬಳು ಅರಿಸಿನದ ಪೊಟ್ಟಣ ಬಿಚ್ಚುತ್ತಿದ್ದಳು. ಚಿಗಳ್ಳಿಯ ರೈತರು ಸೂಜಿಗೆ ದಾರ ಪೋಣಿಸಿ, ಬೆಂಕಿಕಡ್ಡಿ ಗೀರಿ, "ಸೂಜಿ ಕಾಸೇನ್ರಿ, ಪಟ್ಟಿಯೊಳಗ ಇದ್ದಂಗನ," ಎಂದು ನನ್ನ ಕಡೆ ನೋಡಿದರು. ಪರೀಕ್ಷೆಯಲ್ಲಿ ಸರಿಯಾಗಿ ಬರೆದವರ ಮುಖ ಅದು. ಒಬ್ಬರೂ ಒಂದು ತಪ್ಪನ್ನೂ ಮಾಡುತ್ತಿರಲಿಲ್ಲ.

ಅತ್ತೆ ನೆಲಕ್ಕೆ ಕೂತು ಸೊಸೆಯ ಎರಡೂ ಪಾದಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸೆರಗಿನಿಂದ ಧೂಳು ಒರೆಸಿದರು, ಬೆರಳಿನ ಸಂದುಗಳನ್ನು ಬಿಡಿಸಿ ನೋಡಿದರು. "ಎಲ್ಲೆವ್ವಾ ಗುಳ್ಳಿ? ಒಂದೂ ಕಾಣವಲ್ದಲ್ಲ."

"ಒಳಗ ಎದ್ದಿರ್ತಾವ್ರಿ, ಮ್ಯಾಲೆ ಕಾಣೂದಿಲ್ಲ," ಎಂದರು ಚಿಗಳ್ಳಿಯವರು.

ಅತ್ತೆ ಹರಳೆಣ್ಣೆ ಹಚ್ಚಿ ಅಂಗಾಲು ಒತ್ತತೊಡಗಿದರು. ಸೊಸೆ ಸೆರಗು ಕಚ್ಚಿಕೊಂಡಿದ್ದಳು. ಹೊಟ್ಟೆಯಲ್ಲಿ ನೋವು ಎದ್ದಾಗೆಲ್ಲ ಅವಳ ಕಾಲು ಬಿಗಿಯಾಗುತ್ತಿತ್ತು, ಅತ್ತೆ ಆ ಜಾಗದ ಮೇಲೆ ಬೆರಳು ಇಟ್ಟು, "ಇಲ್ಲೇನು? ಇಲ್ಲಿ ನೋಯತೈತೇನು?" ಎನ್ನುತ್ತಿದ್ದರು. "ಹೂಂ ಅತ್ತಿ," ಎನ್ನುತ್ತಿದ್ದಳು ಅವಳು. ಅವರು ಇನ್ನಷ್ಟು ಮೆತ್ತಗೆ ಒತ್ತುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಗೊತ್ತಿದ್ದುದೆಲ್ಲ ಅಲ್ಲಿ ಆ ನುಣುಪಾದ ಪಾದಗಳ ಮೇಲೆ ನಡೆಯುತ್ತಿತ್ತು, ಅವಳಿಗೆ ಬೇಕಾದದ್ದು ನನಗೆ ಏನೇನೂ ಗೊತ್ತಿರಲಿಲ್ಲ. ಮಲಗಿಸಬೇಕೋ ಕೂಡಿಸಬೇಕೋ, ನೀರು ಕೊಡಬೇಕೋ ಬೇಡವೋ, ಅದೂ ತಿಳಿಯಲಿಲ್ಲ. ಅಷ್ಟು ನಿರುಪಯೋಗಿಯಾಗಿ ನಾನು ಯಾವತ್ತೂ ನಿಂತವಳಲ್ಲ.

ಟೆಂಪೋ ಬರುವುದರೊಳಗೆ ಹೊತ್ತು ನೆತ್ತಿ ದಾಟಿತ್ತು. ಜೋಯಿಡಾಕ್ಕೆ ಹೋಗಬೇಕೋ ದಾಂಡೇಲಿಗೋ ಎಂದು ಡ್ರೈವರ್ ಕೇಳಿದ, ದಾಂಡೇಲಿ ಎಂದೆ. ಸೊಸೆ ಏಳಲಿಲ್ಲ.

"ಗಾಲಿ ಹತ್ತಿದ್ರ ಹರಕಿ ಮುರೀತೈತ್ರಿ ಅಕ್ಕಾರ. ನಾ ಹತ್ತೂದಿಲ್ಲ. ಇಲ್ಲೇ ಸ್ವಲ್ಪ ಕೂತು ಸಾವಕಾಶ ನಡೀತೇನಿ."

ನಾನು ಬೈಯುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವಳ ಗದ್ದ ಹಿಡಿದರು. "ಹತ್ತ ಮಗಳ. ನಿನ್ನ ಪಾಲಿನ ದಾರಿ ನಾ ನಡೀತೇನಿ. ಇಬ್ಬರದೂ ಸೇರಿಸಿ ನಾನ ಬೇಡಕೋತೇನಿ. ವರ್ಷದೊಳಗ ಉಡಿ ತುಂಬಸು ಅಂತೇನಿ, ನೀ ಕಾಳಜಿ ಮಾಡಬ್ಯಾಡ." ಎದ್ದು ಚಪ್ಪಲಿಯನ್ನೂ ಬಿಟ್ಟು ಕೈಯಲ್ಲಿ ಹಿಡಿದುಕೊಂಡರು. ಎರಡು ಪಾಲಿನ ನಡಿಗೆ ಬರಿಗಾಲಿನಲ್ಲೇ ಆಗಲಿ ಎಂದು ಅವರಿಗೆ ಅನ್ನಿಸಿರಬೇಕು. ಗುಂಪಿನ ಜೊತೆ ಉಳವಿಯ ಕಡೆ ಹೊರಟೇಬಿಟ್ಟರು. ಏನನ್ನು ಬೇಡಲು ಹೋಗುತ್ತಿದ್ದರೋ ಅದು ಇಲ್ಲಿ ಟೆಂಪೋದಲ್ಲಿ ಕೈಬಿಟ್ಟು ಹೋಗುತ್ತಿದೆ ಎಂದು ಕೂಗಿ ಹೇಳಬೇಕೆನಿಸಿತು. ಹೇಳಿದರೆ ಸೊಸೆಗೆ ಕೊಟ್ಟ ಮಾತು ತಪ್ಪುತ್ತದೆ, ಹೇಳದಿದ್ದರೆ ಆ ಹೆಣ್ಣುಮಗಳು ಬಿಸಿಲಿನಲ್ಲಿ ಸುಮ್ಮನೆ ಕಾಲು ಸುಟ್ಟುಕೊಳ್ಳುತ್ತಾರೆ. ಎರಡರಲ್ಲಿ ಯಾವುದನ್ನೂ ನಾನು ಆರಿಸಲಿಲ್ಲ. ಡ್ರೈವರ್ ಗಾಡಿ ತಿರುಗಿಸಿದ.

ಪಾತ್ರೆ, ಅಕ್ಕಿಚೀಲಗಳ ನಡುವೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು. "ತೆಗ್ಗ ಬಂದಲ್ಲಿ ಸಾವಕಾಶ ಹೊಡಿ ಅಂತ ಹೇಳ್ರಿ." ಒಳಗೆ ಇನ್ನೂ ಏನೋ ಉಳಿದಿದೆ, ಅದು ಅಲುಗಬಾರದು ಎಂದು ಅವಳ ಲೆಕ್ಕ. ನಾನು ಡ್ರೈವರ್‌ಗೆ ಹೇಳಿದೆ. ಹೇಳುವಾಗ ನನಗೆ ಅಳು ಬಂತು.

ದಾಂಡೇಲಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿ, ಗರ್ಭ ನಿಂತಿದ್ದು ನಿಜ, ಈಗ ಇಲ್ಲ ಎಂದರು. ಇಷ್ಟು ಎಳೆಯದು ಹೋಗುವುದು ಬಹಳ ಸಲ ಅದರ ಒಳಗಿನ ಕಾರಣಕ್ಕೇ, ನಡೆದದ್ದರಿಂದ ಅಲ್ಲ, ಮನೆಯಲ್ಲಿ ಮಲಗಿದ್ದರೂ ಹೀಗೇ ಆಗುತ್ತಿತ್ತು ಎಂದು ಬಿಡಿಸಿ ಹೇಳಿದರು. ನಾನು ಅದನ್ನು ಎರಡು ಸಲ ಹೇಳಿಸಿಕೊಂಡೆ. ಅವಳಿಗಾಗಿ ಕೇಳಿದ ಹಾಗೆ ಕೇಳಿದೆ, ನಿಜ ಹೇಳಬೇಕೆಂದರೆ ನನಗಾಗಿ ಕೇಳಿದ್ದು.

ಅತ್ತೆ ಉಳವಿಯಿಂದ ಬಂದವರು ಮೊದಲು ನಮ್ಮ ಮನೆಗೇ ಬಂದರು. ಅಂಗಾಲು ಒಡೆದು ಅಲ್ಲಲ್ಲಿ ಬಟ್ಟೆ ಕಟ್ಟಿದ್ದರು. ಪ್ರಸಾದ ಕೊಟ್ಟು, "ನಿಮ್ಮ ಪಟ್ಟಿ ಇತ್ತಂತ ಮುಟ್ಟಿದೆ ನೋಡ್ರಿ ಅಕ್ಕಾರ. ನಮ್ಮ ಹುಡುಗಿನ್ನ ಮನಿಗೆ ಮುಟ್ಟಿಸಿದ್ರಿ, ನಿಮ್ಮ ಉಪಕಾರ ಮರಿಯಾಂಗಿಲ್ಲ," ಎಂದರು. ಸೊಸೆ ಅವರಿಗೆ ಏನನ್ನೂ ಹೇಳಿರಲಿಲ್ಲ, ಇಂದಿಗೂ ಹೇಳಿಲ್ಲ. ಗಂಡನಿಗೆ ಮಾತ್ರ ಗೊತ್ತು. ನಾನು ಪ್ರಸಾದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ, ಚಹಾ ಮಾಡಿ ಕೊಟ್ಟೆ. ಬೇರೇನು ಮಾಡುವುದಿತ್ತು?

ಹೊಸಬರು ಈಗಲೂ ಕೇಳುತ್ತಾರೆ, ನಾನು ಈಗಲೂ ಹೇಳುತ್ತೇನೆ. ಆದರೆ ಯಾವ ಹೆಣ್ಣುಮಗಳಾದರೂ ದನಿ ತಗ್ಗಿಸಿದರೆ ಸಾಕು, ಮಾತು ಮುಗಿಯುವ ಮೊದಲೇ ಡಾಕ್ಟರ ಹತ್ತಿರ ಹೋಗು ಎನ್ನುತ್ತೇನೆ. ಒಬ್ಬಳಿಗೆ ಸಿಟ್ಟು ಬಂದು, ಅವಳು ಕೇಳಬೇಕೆಂದಿದ್ದು ಕಾಲುಚೀಲದ ಬಗ್ಗೆ ಎಂದಳು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಆ ಸೊಸೆ ಮತ್ತೆ ನಮ್ಮ ಅಡುಗೆಮನೆಗೆ ಬಂದಳು. ಅತ್ತೆ ಈ ಸಲ ಮತ್ತೆ ನಡೆಯೋಣ ಅನ್ನುತ್ತಿದ್ದಾರಂತೆ. ಮಕ್ಕಳು ಇನ್ನೂ ಆಗಿಲ್ಲ. ಚಹಾ ಕುಡಿದು, ಬಟ್ಟಲು ತೊಳೆದು ಬೋರಲು ಹಾಕಿ, ನನ್ನ ಎದುರು ಬಂದು ಕೂತಳು.

"ಅಕ್ಕಾರ, ಆವತ್ತ ನಾ ನಡೀಲಿಲ್ಲಂದ್ರ ಅದು ಉಳೀತಿತ್ತೇನ್ರಿ?"

ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

"ಅದು ಅವರ ಮಾತಾತ್ರಿ. ನಾನೂ ಕೇಳೇನಿ," ಎಂದಳು. "ನೀವ ಹೇಳ್ರಿ. ನೀವ ಏನ ಹೇಳಿದ್ರೂ ನಾ ಅದನ್ನ ಹಿಡಕೊಂಡ ಇದ್ದಬಿಡ್ತೇನಿ."

ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವಳ ಕಣ್ಣಿನಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ನನ್ನನ್ನು ಅವಳು ಇನ್ನೂ ನಂಬಿದ್ದಳು.