ಕೆಂದಿಯ ಹಾಲು ಕುಡಿದ ಹೋರಿ

ತಡಸದ ಮಹಾದೇವಕ್ಕನಿಗೆ ಸೊಕ್ಕು ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಕೆಯೂ ಅದನ್ನು ಮುಚ್ಚಿಡುತ್ತಿರಲಿಲ್ಲ. ಬಂಗಾರದಿಂದಲೋ ಹೊಲದಿಂದಲೋ ಬಂದ ಸೊಕ್ಕಲ್ಲ ಅದು. ಕೆಂದಿ ಎಂಬ ಆಕಳಿನಿಂದ ಬಂದದ್ದು.

ಒಂದು ಬೇಸಿಗೆಯಲ್ಲಿ ಆ ಸೀಮೆಯ ದನಗಳಿಗೆ ದೊಡ್ಡರೋಗ ಬಂದಿತ್ತು. ಮೊದಲು ಕಣ್ಣಲ್ಲಿ ನೀರು, ಆಮೇಲೆ ಬಾಯಿ ತುಂಬ ಹುಣ್ಣು, ಆಮೇಲೆ ಭೇದಿ. ನೋಡನೋಡುತ್ತ ಕೊಟ್ಟಿಗೆಗಳು ಬರಿದಾದವು. ಮಹಾದೇವಕ್ಕನ ಮನೆಯಲ್ಲಿ ಉಳಿದದ್ದು ಕೆಂದಿ ಒಂದೇ. ಆಕೆ ಬಿದಿರಿನ ಗೊಟ್ಟದಲ್ಲಿ ಜೋಳದ ಅಂಬಲಿ ತುಂಬಿ, ಬಾಯಿಗೆ ಬಂದಂತೆ ಬೈಯುತ್ತ ಅದರ ಗಂಟಲಿಗೆ ಇಳಿಸಿದ್ದಳು. ಕೆಂದಿ ಎದ್ದು ನಿಂತದ್ದು ಅಂಬಲಿಯಿಂದಲೋ ಬೈಗುಳಕ್ಕೆ ಹೆದರಿಯೋ ಎಂದು ಗಂಡ ಶಂಕ್ರಪ್ಪ ಕೇಳುವುದಿತ್ತು, ಹೆಂಡತಿ ಮನೆಯಲ್ಲಿಲ್ಲದಾಗ ಮಾತ್ರ.

ಕೆಲವು ವರ್ಷ ಬಿಟ್ಟು ರೋಗ ಮತ್ತೆ ಬಂತು. ಕೆಂದಿಗೆ ಏನೂ ಆಗಲಿಲ್ಲ. ಅದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಒಮ್ಮೆ ಬಂದು ಹೋದ ರೋಗವನ್ನು ಮೈ ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ದನ ಸಾಕಿದವರಿಗೆಲ್ಲ ಗೊತ್ತು. ಆದರೆ ಅಕ್ಕಪಕ್ಕದ ಮನೆಗಳ ದುಡಿಯುವ ಎತ್ತುಗಳೇ ನೆಲ ಕಚ್ಚಿದಾಗ, ಕೆಂದಿಯ ಮೊಲೆ ಚೀಪುತ್ತಿದ್ದ ಎಳೆಗರು ಬಾಲ ಎತ್ತಿಕೊಂಡು ಅಂಗಳದ ತುಂಬ ಕುಣಿಯಿತು. ಎಲ್ಲ ಕೆಂದಿಯ ಹಾಲಿನ ಗುಣ ಎಂದು ಮಹಾದೇವಕ್ಕ ತೀರ್ಪು ಕೊಟ್ಟಳು. ಆ ಹಾಲು ಕುಡಿದ ಕರುವಿಗೆ ಸಾಯುವತನಕ ದೊಡ್ಡರೋಗದ ಭಯವಿಲ್ಲ ಎಂದಳು. ಮಾತು ಅರ್ಧ ಖರೆಯೇ ಇತ್ತು. ಪೂರಾ ಸುಳ್ಳಾಗಿದ್ದರೆ ಆಕೆಯೇ ಬೇಗ ಕೈಬಿಡುತ್ತಿದ್ದಳೋ ಏನೋ. ಕೆಂದಿಯ ಕರುಗಳಿಗಾಗಿ ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಜನ ಹುಡುಕಿಕೊಂಡು ಬರತೊಡಗಿದರು.

ಆ ಎಳೆಗರು ಬೆಳೆದು ಹೋರಿಯಾಯಿತು. ಸರದಾರ ಎಂದು ಹೆಸರಿಟ್ಟಳು. ದೀಪಾವಳಿಯಲ್ಲಿ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸಿದರೆ, ಹಿಡಿಯಬಂದ ಯಾರಿಗೂ ಒಂದು ಬಟ್ಟಲನ್ನೂ ಹರಿಯಲಾಗುತ್ತಿರಲಿಲ್ಲ. ಸರದಾರ ಮನೆಗೆ ಬಂದಾಗ ಮಹಾದೇವಕ್ಕ ಆರತಿ ಮಾಡಿ ಹೋಳಿಗೆ ತಿನ್ನಿಸುತ್ತಿದ್ದಳು. ಶಂಕ್ರಪ್ಪನಿಗೆ ಹೋಳಿಗೆ ಆಮೇಲೆ.

ಎರಡನೆಯ ಮಹಾಯುದ್ಧ ಸುರುವಾದ ವರ್ಷ ಶಿಗ್ಗಾಂವಿನ ದನದ ಡಾಕ್ಟರು ದೊಡ್ಡರೋಗ ಬರದಂತೆ ಸೂಜಿ ಹಾಕಲು ಊರಿಗೆ ಬಂದರು. ಎಲ್ಲರೂ ದನ ಹೊಡೆದುಕೊಂಡು ಹೋದರು. ಮಹಾದೇವಕ್ಕ ಹೋಗಲಿಲ್ಲ. ಡಾಕ್ಟರೇ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, ಕೆಂದಿಯ ಕಥೆಯನ್ನು ಕೊನೆಯವರೆಗೂ ಕೇಳಿದರು.

“ನಿಮ್ಮ ಮಾತು ಸುಳ್ಳಲ್ರಿ, ಅಕ್ಕಾರ,” ಎಂದರು. “ಆದ್ರ ಬ್ಯಾನಿ ತಡಿಯಾಕ ತಾಯಿ ಹಾಲಿನಾಗ ಬಂದವ್ರು ಮುಯ್ಯಾಳು, ಕೈಗಡ ಬಂದ ಆಳು. ಒಂದ್ ಸುಗ್ಗಿ ದುಡದು ತಮ್ಮ ಮನಿಗೆ ಹೋಗ್ತಾರ. ಕೆಂದಿ ಬ್ಯಾನಿ ಜೋಡಿ ತಾನ ಗುದ್ದಾಡಿ ಸ್ವಂತ ಆಳು ಮಾಡ್ಕೊಂಡಾಳ. ಈ ಹೋರಿ ಮೈಯಾಗ ಈಗ ಯಾರೂ ಇಲ್ಲ.”

ಸೂಜಿಯಲ್ಲಿರುವುದೂ ಅದೇ ರೋಗ, ಆದರೆ ಆಡಿನ ಮೈಯಲ್ಲಿ ಬೆಳೆಸಿ ಸೊರಗಿಸಿದ್ದು, ಅದರ ಜೊತೆ ಕುಸ್ತಿ ಹಿಡಿದು ಹೋರಿಯ ಮೈ ಪಟ್ಟು ಕಲಿಯುತ್ತದೆ ಎಂದು ಬಿಡಿಸಿ ಹೇಳಿದರು. ಮಹಾದೇವಕ್ಕನ ಕಿವಿಗೆ ಬಿದ್ದದ್ದು ‘ಅದೇ ರೋಗ’ ಎಂಬುದಷ್ಟೇ. ರೋಗವನ್ನು ಕೈಯಾರೆ ತಂದು ಹೋರಿಗೆ ಚುಚ್ಚಿಸಲು ತನಗೇನು ಹುಚ್ಚೇ ಎಂದು ಕೇಳಿ, ಡಾಕ್ಟರಿಗೆ ಮಜ್ಜಿಗೆ ಕೊಟ್ಟು ಮರ್ಯಾದೆಯಿಂದ ಕಳಿಸಿದಳು. ಸೂಜಿ ಹಾಕಿಸಿಕೊಂಡ ದನಗಳಿಗೆ ನಾಲ್ಕು ದಿನ ಜ್ವರ ಬಂದಾಗ ಓಣಿ ತುಂಬ ನಕ್ಕಳು.

ಮರುವರ್ಷ ಮಳೆಗಾಲ ಮುಗಿಯುತ್ತಲೇ ರೋಗ ಬಂತು. ಸೂಜಿ ಕಂಡ ದನಗಳು ಮೇವು ತಿನ್ನುತ್ತ ನಿಂತವು. ಕೆಂದಿಯೂ ನಿಂತಿತು. ಸರದಾರನ ಕಣ್ಣಲ್ಲಿ ನೀರು ಬಂತು.

ಧೂಳು ಬಿದ್ದಿರಬೇಕು ಎಂದಳು ಮಹಾದೇವಕ್ಕ. ಮರುದಿನ ಬಾಯಿ ಬಿಡಿಸಿ ನೋಡಿದರೆ ಒಳಗೆಲ್ಲ ಹುಣ್ಣು. ಡಾಕ್ಟರಿಗೆ ಹೇಳಿಕಳಿಸಿದರೆ, ಈಗ ಸೂಜಿಯಿಂದ ಉಪಯೋಗವಿಲ್ಲ, ಗಂಜಿ ನೀರು ಕೊಡುತ್ತಿರಿ ಎಂಬ ಉತ್ತರ ಬಂತು. ಗೊಟ್ಟ ಹಿಡಿದು ಕೂತಳು. ಕೆಂದಿಯನ್ನು ಬೈದಂತೆ ಇವನನ್ನು ಬೈಯಲು ಬಾಯಿ ಬರಲಿಲ್ಲ. ಏಳೋ ನನ್ನಪ್ಪಾ ಎಂದು ಬೇಡಿಕೊಂಡಳು. ಆ ಎತ್ತರದ ಹೋರಿ ಎಲುಬು ಚಕ್ಕಳವಾಗಿ, ಆಕೆಯ ತೊಡೆಯ ಮೇಲೆ ತಲೆಯಿಟ್ಟು ಸತ್ತಿತು. ಚರ್ಮ ಯಾರಿಗೂ ಕೊಡದೆ, ಹೊಲದ ಬದುವಿನಲ್ಲಿ ಆಳವಾಗಿ ತೋಡಿ ಹೂಳಿದರು. ಶಂಕ್ರಪ್ಪ ಹೆಂಡತಿಯನ್ನು ಬೈಯಲಿಲ್ಲ. ಬೈದಿದ್ದರೆ ಆಕೆಗೆ ಸ್ವಲ್ಪ ಹಗುರವಾಗುತ್ತಿತ್ತು.

ಕೆಂದಿ ಮತ್ತೊಂದು ಹೋರಿಗರು ಹಾಕಿತು. ಅದರ ಕಾಲಿಗೆ ಬಲ ಬರುತ್ತಲೇ ಮಹಾದೇವಕ್ಕ ಗಂಡನನ್ನು ಎಬ್ಬಿಸಿ, ಚಕ್ಕಡಿಯಲ್ಲಿ ಕರುವನ್ನು ಶಿಗ್ಗಾಂವಿಗೆ ಒಯ್ದಳು. ಡಾಕ್ಟರು ವಾಪಸು ಕಳಿಸಿದರು. ತಾಯಿಯ ಮುಯ್ಯಾಳುಗಳು ಇನ್ನೂ ಒಳಗೇ ಇದ್ದಾರೆ, ಸೂಜಿಯ ಮದ್ದನ್ನು ಪಾಠ ಕಲಿಸಲು ಬಿಡದೆ ಬಡಿದು ಹಾಕುತ್ತಾರೆ, ಆರು ತಿಂಗಳು ತುಂಬಲಿ ಎಂದರು. ಈಕೆ ಕೇಳಬೇಕಲ್ಲ! ಸಂತೆಗೆ ಹೋದಾಗಲೆಲ್ಲ ದವಾಖಾನೆಯ ಬಾಗಿಲಲ್ಲಿ ನಿಂತು, ಮುಯ್ಯಾಳು ಹೋದರೇನು ಎಂದು ವಿಚಾರಿಸುತ್ತಿದ್ದಳು. ಈಕೆಯನ್ನು ಕಂಡರೆ ಡಾಕ್ಟರಿಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ಅಷ್ಟರಲ್ಲಿ ಚಿಕ್ಕೇರೂರಿನ ಬಸವಣ್ಣೆಪ್ಪ ಎಂಬ ರೈತ ಆ ಕರುವನ್ನು ಕೇಳಿಕೊಂಡು ಬಂದ. ಕೆಂದಿಯ ಹೆಸರು ಅಲ್ಲಿ ಇನ್ನೂ ಹಾಗೇ ಇತ್ತು. ಆರು ತಿಂಗಳು ತುಂಬುತ್ತಲೇ ಸೂಜಿ ಹಾಕಿಸುತ್ತೇನೆಂದು ಮಾತು ಕೊಟ್ಟರೆ ಮಾತ್ರ ಕರು ಎಂದಳು ಮಹಾದೇವಕ್ಕ. ಬಸವಣ್ಣೆಪ್ಪ ನಕ್ಕ. ಕೆಂದಿಯ ಹಾಲು ಕುಡಿದ ಕರುವಿಗೆ ಸೂಜಿ ಯಾಕೆ, ನೀವೇ ಊರೂರಿಗೆ ಹೇಳಿದ್ದಲ್ಲವೇ ಎಂದ.

ಆಕೆ ಬರ್ರಿ ಎಂದು ಎದ್ದು ನಡೆದಳು. ಹೊಲದ ಬದುವಿನವರೆಗೆ ಕರೆದೊಯ್ದು, ಹುಲ್ಲು ಬೆಳೆದ ಮಣ್ಣಿನ ದಿಬ್ಬ ತೋರಿಸಿದಳು.

“ಇಂವನೂ ಕೆಂದೀ ಮಗಾನ ರೀ,” ಎಂದಳು.