ಸಾದಲಿಯಲ್ಲಿ ಜಪಕ್ಕೆ ಓಗೊಟ್ಟ ದನಿ

ದೆವ್ವ, ಗಾಳಿ, ಕನಸಿನಲ್ಲಿ ಬಂದು ಮಾತಾಡಿ ಹೋದ ಸತ್ತವರು ಇಂಥ ಕಥೆಗಳು ಶುರುವಾದರೆ ನಾನು ಎದ್ದು ಬೇರೆ ಕೆಲಸ ನೋಡಿಕೊಳ್ಳುತ್ತಿದ್ದವಳು. ನಮ್ಮ ಅಜ್ಜಿ ಒಮ್ಮೆ ಸಂತ ಅಂತೋಣಿಯವರಿಗೆ ಹರಕೆ ಹೊತ್ತು, ಕಳೆದುಹೋದ ಮೂಗುತಿಯನ್ನು ಹಿಟ್ಟಿನ ಡಬ್ಬದಲ್ಲಿ ಕಂಡುಕೊಂಡಳು. ಹಿಟ್ಟು ತೆಗೆಯುವಾಗ ಬಿದ್ದದ್ದು ಹಿಟ್ಟಿನಲ್ಲೇ ಸಿಕ್ಕಿತು, ಇದರಲ್ಲಿ ಸಂತರ ಕೆಲಸ ಏನಿದೆ ಎಂದು ಕೇಳಿ ಏಟು ತಿಂದಿದ್ದೆ. ದೇವರಲ್ಲಿ ನಂಬಿಕೆಯಿಲ್ಲದವಳೇನಲ್ಲ. ಪೂಜೆ, ಉಪವಾಸ, ಪಾಪನಿವೇದನೆ ಯಾವುದನ್ನೂ ತಪ್ಪಿಸುತ್ತಿರಲಿಲ್ಲ. ಆದರೆ ನನ್ನ ಭಕ್ತಿ ಶಾಲೆಯ ವೇಳಾಪಟ್ಟಿಯ ಹಾಗಿತ್ತು. ಹೊತ್ತಿಗೆ ಸರಿಯಾಗಿ ಮಾಡಿ ಮುಗಿಸಿದರೆ ಆಯಿತು, ಆ ಕಡೆಯಿಂದ ಯಾರಾದರೂ ಉತ್ತರ ಕೊಡುತ್ತಾರೆ ಎಂದು ನಾನು ಕಾದಿದ್ದೇ ಇಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಸಾದಲಿಯ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಊರಿಗೆಲ್ಲ ನಾನೊಬ್ಬಳೇ ಕ್ರೈಸ್ತಳು. ಅಕ್ಕಯಮ್ಮ ಎಂಬ ವಿಧವೆಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಗೋಡೆಯ ಆ ಬದಿಯೇ ಅವರು ರೇಷ್ಮೆಹುಳು ಸಾಕುವ ಮನೆ. ಬಿದಿರಿನ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ನನ್ನ ಕೋಣೆಗೆ ಸಣ್ಣ ಸೋನೆಮಳೆಯಂತೆ ಕೇಳುತ್ತಿತ್ತು. ಆ ಸದ್ದಿಗೆ ಎಷ್ಟು ಒಗ್ಗಿಹೋಗಿದ್ದೆನೆಂದರೆ, ಅದು ನಿಂತಾಗಲೇ ನನ್ನ ಗಮನಕ್ಕೆ ಬರುತ್ತಿದ್ದದ್ದು.

ಅಪ್ಪ ಚಿಕ್ಕಬಳ್ಳಾಪುರದಲ್ಲಿದ್ದರು. ಮೂವತ್ತು ವರ್ಷ ಚರ್ಚಿನ ಉಪದೇಶಿಯಾಗಿ ಮಕ್ಕಳಿಗೆ ಜಪ ಕಲಿಸಿದವರು. ನನಗೊಬ್ಬನೇ ತಮ್ಮ, ಇನ್ನಾಸಪ್ಪ, ಮನೆಯಲ್ಲಿ ಇನ್ನಾಸಿ. ಅವನು ಸ್ವಾಮಿಯಾಗಬೇಕೆಂದು ಅಪ್ಪ ಅವನನ್ನು ಪಾದ್ರಿಗಳನ್ನು ತಯಾರು ಮಾಡುವ ಗುರುಮಠಕ್ಕೆ ಕಳಿಸಿದ್ದರು. ಐದು ವರ್ಷ ಓದಿದವನು ಒಂದು ದಿನ ಟ್ರಂಕು ಹೊತ್ತು ವಾಪಸು ಬಂದ. "ನನ್ನ ಕೈಲಿ ಆಗಲ್ಲಪ್ಪ, ಸುಳ್ಳು ಸ್ವಾಮಿ ಆಗೋಕೆ ಇಷ್ಟ ಇಲ್ಲ" ಅಂದ. ಅಪ್ಪ ಅವನಿಗೆ ಬಾಗಿಲು ತೆಗೆಯಲಿಲ್ಲ. ಜಗಲಿಯ ಮೇಲೆ ರಾತ್ರಿ ಕಳೆದು ಬೆಳಿಗ್ಗೆ ಹೊರಟುಹೋದ. ಸ್ವಲ್ಪ ದಿನಕ್ಕೆ ಬೆಂಗಳೂರಿನ ಯಾವುದೋ ವಿಳಾಸದಿಂದ ನನಗೆ ಕಾಗದ ಬರೆದ. ನಾನು ಉತ್ತರ ಬರೆದೆ. ನೀನು ಅಪ್ಪನ ಮುಖಕ್ಕೆ ಮಸಿ ಬಳಿದೆ, ನಮಗೆ ಸತ್ತ ಹಾಗೆ, ಇನ್ನು ಬರೆಯಬೇಡ ಎಂದು. ಆಮೇಲೆ ನಾಲ್ಕು ವರ್ಷ ಅವನ ಸುದ್ದಿಯಿರಲಿಲ್ಲ. ಆ ನಾಲ್ಕು ವರ್ಷವೂ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅಪ್ಪ ಮನೆಯಲ್ಲಿ ಶುಭಸಂದೇಶ ಓದುವಾಗ, ಮನೆ ಬಿಟ್ಟುಹೋಗಿ ಮರಳಿದ ಮಗನನ್ನು ತಂದೆ ಅಪ್ಪಿಕೊಳ್ಳುವ ಸಾಮತಿಯ ಕಥೆ ಬರುವ ಪುಟವನ್ನು ಮಗುಚಿ ಮುಂದಕ್ಕೆ ಹೋಗುತ್ತಿದ್ದರು. ನಾನು ನೋಡಿಯೂ ಸುಮ್ಮನಿರುತ್ತಿದ್ದೆ.

ಇನ್ನು ಆ ಸಂಜೆಯ ವಿಷಯ. ಬುಧವಾರ, ದೀಪ ಹಚ್ಚುವ ಹೊತ್ತು. ಅಕ್ಕಯಮ್ಮನ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳುಗಳು ಮೇವು ಬಿಟ್ಟು ತಲೆಯೆತ್ತಿ ಅಲುಗಾಡದೆ ಕೂರುತ್ತವೆ, ಅದಕ್ಕೆ ಜ್ವರ ಅನ್ನುತ್ತಾರೆ. ಆದ್ದರಿಂದ ಅವತ್ತು ಆ ಕಡೆಯಿಂದ ಒಂದು ಸದ್ದೂ ಇರಲಿಲ್ಲ. ನಾನು ಲಾಟೀನು ಹಚ್ಚಿ, ಚಾಪೆ ಹಾಸಿ, ಎಂದಿನಂತೆ ಜಪಸರ ಹಿಡಿದು ಮೊಣಕಾಲೂರಿದೆ.

ತಿಳಿಯದವರಿಗೆ ಒಂದು ಮಾತು ಹೇಳಬೇಕು. ಜಪಸರವೆಂದರೆ ಹತ್ತು ಹತ್ತು ಮಣಿಗಳ ಐದು ಸುತ್ತು, ಮಣಿಗೊಂದು ಮರಿಯಮ್ಮನ ಜಪ. ಜಪಸರವನ್ನು ಮನೆಮಂದಿ ಸೇರಿ ಹೇಳುವಾಗ 'ನಮೋ ಮರಿಯಾ' ಎಂಬ ಮೊದಲ ಅರ್ಧವನ್ನು ಒಬ್ಬರು ಹೇಳುತ್ತಾರೆ, 'ಸಂತ ಮರಿಯಾ' ಎಂಬ ಉಳಿದ ಅರ್ಧವನ್ನು ಮಿಕ್ಕವರು ಹೇಳುತ್ತಾರೆ. ಒಬ್ಬರೇ ಇದ್ದರೆ ಎರಡನ್ನೂ ತಾವೇ ಹೇಳಿಕೊಳ್ಳಬೇಕು. ನಮ್ಮ ಮನೆಯಲ್ಲಿ ಮೊದಲರ್ಧ ನನ್ನದು, ಉತ್ತರ ಇನ್ನಾಸಿಯದು. ಅವನಿಗೆ ಬೇಗ ಮುಗಿಸುವ ಆತುರ. 'ಈಗಲೂ ನಮ್ಮ ಮರಣದ ವೇಳೆಯಲ್ಲೂ' ಎಂಬಲ್ಲಿ 'ಈಗಲೂ' ಅನ್ನುವುದನ್ನು ನುಂಗಿಬಿಡುತ್ತಿದ್ದ. ಅಪ್ಪ ಎಷ್ಟು ಸಲ ಕಿವಿ ಹಿಂಡಿದರೂ ಅದು ಹೋಗಲಿಲ್ಲ.

ಮೊದಲ ಹತ್ತು ಮಣಿ ಆಯಿತು. ಎರಡನೆಯ ಹತ್ತರ ನಡುವೆ ಎಲ್ಲೋ, ನನ್ನ ಅರ್ಧ ಹೇಳಿ ಉಸಿರೆಳೆದುಕೊಳ್ಳಲು ನಿಂತೆ. ಉಳಿದ ಅರ್ಧ ನನ್ನ ಬೆನ್ನ ಹಿಂದಿನಿಂದ ಬಂತು. ಗಂಡಸಿನ ದನಿ. ದೊಡ್ಡದಾಗೇನಲ್ಲ, ದಣಿದು ಬಂದವರು ಕೂತು ಹೇಳುವ ಹಾಗೆ. 'ಈಗಲೂ' ಅನ್ನುವುದು ಅದರಲ್ಲಿರಲಿಲ್ಲ.

ನಾನು ತಿರುಗಿ ನೋಡಲಿಲ್ಲ. ಧೈರ್ಯವೆಂದಲ್ಲ, ಕತ್ತು ತಿರುಗಲಿಲ್ಲ. ನನ್ನ ಮನಸ್ಸೇ ಆಡಿಸುತ್ತಿರುವ ಆಟ ಎಂದುಕೊಂಡು ಮುಂದಿನ ಮಣಿ ಹಿಡಿದು, ನನ್ನ ಅರ್ಧ ಹೇಳಿ ಬೇಕೆಂದೇ ಬಾಯಿ ಮುಚ್ಚಿಕೊಂಡೆ. ಮತ್ತೆ ಉತ್ತರ ಬಂತು. ಅದರ ಮುಂದಿನದಕ್ಕೂ ಬಂತು. ಹೀಗೆ ಎರಡನೆಯ ಹತ್ತು ಮುಗಿದು ಮೂರನೆಯದಕ್ಕೆ ಬಂದಿದ್ದೆವು. 'ಬಂದಿದ್ದೆವು' ಎಂದೇ ಬರೆಯುತ್ತೇನೆ, ಬೇರೆ ಹೇಗೆ ಬರೆಯಲಿ. ಆಗ ಸರವನ್ನು ಚಾಪೆಯ ಮೇಲೆ ಬಿಟ್ಟು ಎದ್ದುಬಿಟ್ಟೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಬಾಗಿಲ ಅಗುಳಿ ಹಾಕಿದ ಹಾಗೇ ಇತ್ತು.

ಅಷ್ಟರಲ್ಲಿ ಅಕ್ಕಯಮ್ಮ ಬಾಗಿಲು ತಟ್ಟಿದರು. ತೆಗೆದೆ. ಅವರ ಕೈಯಲ್ಲಿ ಎರಡು ಲೋಟ ಕಾಫಿಯಿತ್ತು.

"ನೆಂಟ್ರು ಬಂದವ್ರಲ್ಲ ಟೀಚರಮ್ಮ. ಗಂಡಸ್ರ ದನಿ ಕೇಳ್ತು, ಅದಕ್ಕೆ ಕಾಫಿ ಕಾಯಿಸ್ದೆ. ಎಲ್ಲಿ ಅವ್ರು?"

ಆ ಎರಡನೆಯ ಲೋಟ ಇರದಿದ್ದರೆ ಇದನ್ನೆಲ್ಲ ಆಯಾಸದ ಭ್ರಮೆ ಎಂದು ನಾನು ಎಂದೋ ಮರೆತಿರುತ್ತಿದ್ದೆ. ಯಾರೂ ಬಂದಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು, ಕೋಣೆಯ ಒಳಗೊಮ್ಮೆ ನೋಡಿದರು. "ಇವತ್ತು ನನ್ನ ಹತ್ರ ಬಂದು ಮಲ್ಕೋ ಬಾ ತಾಯಿ" ಎಂದಷ್ಟೇ ಹೇಳಿ ಎರಡು ಲೋಟವನ್ನೂ ಹಾಗೇ ವಾಪಸು ತೆಗೆದುಕೊಂಡು ಹೋದರು.

ನನಗೆ ಒಂದೇ ಅರ್ಥ ಹೊಳೆದದ್ದು. ಇನ್ನಾಸಿ ಸತ್ತಿದ್ದಾನೆ. ಸತ್ತ ಹಾಗೆ ಎಂದು ನಾನೇ ಬರೆದಿದ್ದೆನಲ್ಲ. ಬೆಳಗಿನ ಮೊದಲ ಬಸ್ಸು ಹಿಡಿದು, ಶಿಡ್ಲಘಟ್ಟದಲ್ಲಿ ಬದಲಾಯಿಸಿ ಚಿಕ್ಕಬಳ್ಳಾಪುರಕ್ಕೆ ಹೋದೆ. ಅಪ್ಪ ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. "ಅವನು ಇಲ್ಲ ಅನ್ನಿಸ್ತಿದೆ ಅಪ್ಪ" ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಚೊಂಬನ್ನು ಕೆಳಗಿಟ್ಟು ಒಳಗೆ ಹೋದರು. ಭಾನುವಾರ ಪೂಜೆಗೆ ಮಾತ್ರ ಹಾಕುತ್ತಿದ್ದ ಕರಿ ಕೋಟನ್ನು ತಂದು, ಅದರ ಒಳಜೇಬಿನಿಂದ ಒಂದು ಕಾರ್ಡು ತೆಗೆದು ನನ್ನ ಕೈಗಿಟ್ಟರು. ಮಡಿಕೆಯಲ್ಲಿ ಹರಿದುಹೋಗಿದ್ದ ಕಾರ್ಡು. ಇನ್ನಾಸಿಯ ಅಕ್ಷರ. ಎರಡು ವರ್ಷದ ಹಿಂದೆ ಬರೆದದ್ದು, ಚಿಂತಾಮಣಿಯ ವಿಳಾಸ.

"ಪ್ರತಿ ವಾರ ನಾಳೆ ಹೋಗಣ ಅನ್ಕೊಂಡೆ ಕಣಮ್ಮ" ಎಂದು ಅಪ್ಪ ಹೇಳಿದರು. "ಪ್ರತಿ ವಾರ." ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನಿಂತ ಕಾಲಲ್ಲೇ ಹೊರಟೆವು. ನಾವು ಸಾವಿನ ಮನೆಗೆ ಹೋಗುತ್ತಿದ್ದೇವೆ ಎಂದೇ ನನ್ನ ಮನಸ್ಸಿನಲ್ಲಿತ್ತು.

ಚಿಂತಾಮಣಿಯಲ್ಲಿ ಆ ವಿಳಾಸ ಒಂದು ಲಾರಿ ರಿಪೇರಿ ಶೆಡ್ಡು. ಅಪ್ಪ ಹೆಸರು ಹೇಳಿ ಕೇಳುತ್ತಿದ್ದಾಗಲೇ ಲಾರಿಯೊಂದರ ಕೆಳಗಿನಿಂದ ಎರಡು ಕಾಲು ಹೊರಬಂದವು, ಆಮೇಲೆ ಇಡೀ ಮನುಷ್ಯ. ಇನ್ನಾಸಿ. ಸ್ವಲ್ಪ ಸೊರಗಿದ್ದ, ಮೀಸೆ ಬಿಟ್ಟಿದ್ದ, ಅಷ್ಟೇ. ನಮ್ಮನ್ನು ಕಂಡು ನಿಂತಲ್ಲೇ ನಿಂತ. ಅಪ್ಪ ಹೋಗಿ ಅವನ ಎರಡೂ ಕೈ ಹಿಡಿದುಕೊಂಡರು.

"ಎಣ್ಣೆ ಕೈ ಅಪ್ಪ, ಕೋಟು ಕೊಳೆಯಾಗುತ್ತೆ."

"ಆಗ್ಲಿ ಬಿಡೋ" ಎಂದರು ಅಪ್ಪ. ಆ ಕೈಗಳನ್ನು ತಮ್ಮ ಕೋಟಿಗೇ ಒತ್ತಿಕೊಂಡರು.

ಸಂಜೆ ಅವನ ಬಾಡಿಗೆ ಕೋಣೆಯಲ್ಲಿ ಕೂತಾಗ ನಾನು ಆ ಕಾಗದದ ಮಾತೆತ್ತಿ ತಪ್ಪಾಯಿತು ಎಂದೆ. "ಅಕ್ಷರ ಮಾತ್ರ ಮುತ್ತಿನ ಹಾಗಿತ್ತು ಅಕ್ಕ" ಎಂದು ನಕ್ಕ. ನಾನು ಜೀವನದಲ್ಲಿ ಪಡೆದ ಅತಿ ಕಠಿಣ ಶಿಕ್ಷೆ ಆ ನಗುವೇ. ಮಾತಿನ ಮಧ್ಯೆ, ಏನೂ ಅಲ್ಲವೆಂಬಂತೆ, ನಿನ್ನೆ ಸಂಜೆ ಎಲ್ಲಿದ್ದೆ ಎಂದು ಕೇಳಿದೆ. ಗೌರಿಬಿದನೂರಿನ ದಾರಿಯಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತಂತೆ, ಮಧ್ಯಾಹ್ನದಿಂದ ಕತ್ತಲಾಗುವವರೆಗೂ ಇನ್ನಿಬ್ಬರ ಜೊತೆ ಅದನ್ನು ಬಿಚ್ಚುತ್ತಿದ್ದನಂತೆ. ಜಪ ಹೇಳ್ತೀಯೇನೋ ಎಂದೆ. "ಸುಳ್ಳು ಯಾಕೆ ಹೇಳಲಿ, ನಾಲ್ಕು ವರ್ಷದಿಂದ ಬಾಯಲ್ಲಿ ಒಂದು ಅಕ್ಷರ ಬಂದಿಲ್ಲ ಅಕ್ಕ" ಎಂದ.

ಹಾಗಾದರೆ ಆ ದನಿ ಯಾರದು? ಸತ್ತವನದಲ್ಲ, ಅವನು ನನ್ನ ಮುಂದೆ ಕೂತು ಬೋಂಡ ತಿನ್ನುತ್ತಿದ್ದ. ಬದುಕಿದ್ದವನದೂ ಅಲ್ಲ, ಅವನ ಬಾಯಿಗೆ ಜಪ ಬಂದೇ ನಾಲ್ಕು ವರ್ಷವಾಗಿತ್ತು. ಕೆಲವು ತಿಂಗಳ ಮೇಲೆ ನಮ್ಮ ಚರ್ಚಿನ ಸ್ವಾಮಿಗಳನ್ನು ಕೇಳಿದೆ. ಅವರು ತಮಗೆ ಗೊತ್ತಿಲ್ಲ ಎಂದರು. ಯಾವುದಾದರೂ ಸಂತರ ಹೆಸರು ಹೇಳಿ ನನ್ನನ್ನು ಸಮಾಧಾನ ಮಾಡದ ಅವರ ಮೇಲೆ ನನಗೆ ಅವತ್ತಿನಿಂದ ಗೌರವ ಹೆಚ್ಚಿತು.

ಅಪ್ಪ ಆಮೇಲೆ ಮೂರು ವರ್ಷ ಇದ್ದರು. ಕೊನೆಯ ಕಾಯಿಲೆಯಲ್ಲಿ ಅವರನ್ನು ಎತ್ತಿ ಕೂರಿಸಿ, ಮೈ ಒರೆಸಿ ನೋಡಿಕೊಂಡವನು ಇನ್ನಾಸಿಯೇ. ಅವರನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಅಷ್ಟು ವರ್ಷ ಬಚ್ಚಿಟ್ಟಿದ್ದ ಆ ಸಂಜೆಯ ಕಥೆಯನ್ನು ಅವನಿಗೆ ಹೇಳಿದೆ. ಮೊದಲು ನಕ್ಕ. ಎರಡು ಲೋಟ ಕಾಫಿಯ ವಿಷಯ ಬಂದಾಗ ನಗು ನಿಲ್ಲಿಸಿದ. ಕಡೆಯವರೆಗೂ ಕೇಳಿದ.

"ಮೂರನೇ ಹತ್ತರಲ್ಲಿ ಎದ್ದುಬಿಟ್ಯಾ?" ಎಂದು ಕೇಳಿದ.

"ಹೂಂ, ಹೆದರಿಕೆ ಆಯ್ತು ಕಣೋ."

"ಅಯ್ಯೋ, ಯಾಕಕ್ಕ ಎದ್ದೆ" ಎಂದ ಅವನು. ಆ ಮಾತಿನಲ್ಲಿ ತಮಾಷೆಯಿರಲಿಲ್ಲ. "ಯಾರೋ ಅಷ್ಟು ದೂರ ಬಂದು ಕೂತಿದ್ರು. ಪೂರ್ತಿ ಹೇಳಿ ಮುಗಿಸೋದಲ್ವಾ."

ಬಂದವರು ಯಾರು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಜಪ ಹೇಳುವಾಗ ನನ್ನ ಅರ್ಧ ಮುಗಿದ ಮೇಲೆ ಈಗಲೂ ಒಂದು ಉಸಿರಿನಷ್ಟು ಹೊತ್ತು ಕಾಯುತ್ತೇನೆ.